ಅರಸೀಕೆರೆ–ಬೇಲೂರು–ಹಳೇಬೀಡು ಸೀಮೆಯ ನಗರ ವಸತಿ: ಬೆಲೆ, ಬಾಳಿಕೆ, ಆರೋಗ್ಯ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಹೊಯ್ಸಳರ ಚರಿತ್ರೆಯಿಂದ ಒಂದಕ್ಕೊಂದು ನಂಟಾದ ಊರುಗಳು. ಮಳೆ, ಮಣ್ಣು, ಕಸುಬುಗಳಲ್ಲಿ ಮಾತ್ರ ಮೂರೂ ಬೇರೆಬೇರೆ. ಅರಸೀಕೆರೆ ರೈಲು ಜಂಕ್ಷನ್ನಿನ, ಕೊಬ್ಬರಿ ಮಂಡಿಯ ಊರು. ಬೇಲೂರು ಯಗಚಿ ದಂಡೆಯ ತಾಲ್ಲೂಕು ಕೇಂದ್ರ. ಅಲ್ಲಿಂದ 16 ಕಿ.ಮೀ. ದೂರದ ಹಳೇಬೀಡು ಹಿಂದಿನ ರಾಜಧಾನಿ ದೋರಸಮುದ್ರ. 2011ರ ಜನಗಣತಿಯಲ್ಲಿ ಅರಸೀಕೆರೆ ಪಟ್ಟಣದ ಜನಸಂಖ್ಯೆ ಸುಮಾರು 53 ಸಾವಿರ, ಬೇಲೂರಿನದು ಸುಮಾರು 22 ಸಾವಿರ. ಇಷ್ಟು ಚಿಕ್ಕ ಪಟ್ಟಣಗಳಿಗೆ ನಗರ ವಸತಿಯ ಚರ್ಚೆ ಏಕೆ ಎಂದು ಕೇಳುವವರಿದ್ದಾರೆ. ಆದರೆ ಮಂಡಿಯ ಹಮಾಲಿ, ಕೊಬ್ಬರಿ ಸುಲಿಯುವ ಹೆಂಗಸು, ರೈಲ್ವೆಯ ಗುತ್ತಿಗೆ ಕೆಲಸಗಾರ, ದೇವಾಲಯದ ಬಳಿ ಅಂಗಡಿ ಇಟ್ಟವರು, ಕಾಫಿ ತೋಟಕ್ಕೆ ದಿನಗೂಲಿಗೆ ಹೋಗುವವರು ಇರುವುದು ಇಂಥ ಊರುಗಳಲ್ಲಿಯೇ. ದೊಡ್ಡ ನಗರದ ಅಪಾರ್ಟ್‌ಮೆಂಟ್ ಮಾದರಿಯನ್ನು ಇವರ ಮೇಲೆ ಹೇರಿದರೆ ಮನೆ ಸಿಗುತ್ತದೆ, ಬದುಕು ತಪ್ಪುತ್ತದೆ. ಈ ಸೀಮೆಯಲ್ಲಿ ವಸತಿ ಸಮುದಾಯವೊಂದನ್ನು ರೂಪಿಸುವಾಗ ಗೋಡೆ ಚಾವಣಿಗಿಂತ ಮೊದಲು ನೀರು, ಕೆಲಸದ ಹತ್ತಿರ ಜಾಗ, ಹತ್ತು ಮನೆಗಳು ಕೂಡಿ ಬಳಸುವ ಬಯಲು, ಈ ಮೂರನ್ನು ಗೊತ್ತುಪಡಿಸಬೇಕು ಎಂಬುದು ಈ ಲೇಖನದ ನಿಲುವು.

ನೆಲ ಮತ್ತು ನೀರು

ಪಶ್ಚಿಮ ಘಟ್ಟದ ಮಳೆ ಪೂರ್ವಕ್ಕೆ ಬಂದಂತೆ ಬೇಗ ಇಳಿಯುತ್ತದೆ. ಬೇಲೂರು ಮಲೆನಾಡಿನ ಅಂಚಿನಲ್ಲಿದೆ. ಅರಸೀಕೆರೆ ಮಳೆನೆರಳಿನ ಬಯಲುಸೀಮೆಗೆ ಸೇರಿದ್ದು, ತೆಂಗು ರಾಗಿಯ ನಾಡು. ಹಳೇಬೀಡು ಎರಡರ ನಡುವೆ ಇದೆ. ಹಾಗಾಗಿ ಒಂದೇ ನಕ್ಷೆಯ ಮನೆ ಮೂರೂ ಕಡೆಗೆ ಹೊಂದದು. ಬೇಲೂರಿನಲ್ಲಿ ಇಳಿಜಾರು ಹೆಂಚಿನ ಮಾಡು, ಗೋಡೆ ನೆನೆಯದಂತೆ ಮುಂಚಾಚಿದ ಸೂರು ಬೇಕು. ಅರಸೀಕೆರೆಯ ಕಡೆ ಹಿಂದಿನವರು ದಪ್ಪ ಮಣ್ಣುಗೋಡೆಯ ಮೇಲೆ ಮಣ್ಣಿನ ಮಾಳಿಗೆ ಹಾಕಿ ಬೇಸಗೆಯ ಬಿಸಿಲನ್ನು ತಡೆದರು. ಇಂದಿನ ನಾಲ್ಕೂವರೆ ಅಂಗುಲದ ಕಾಂಕ್ರೀಟ್ ಚಾವಣಿ ಆ ಕೆಲಸ ಮಾಡುವುದಿಲ್ಲ. ಏಪ್ರಿಲ್ ರಾತ್ರಿಗಳಲ್ಲಿ ಅದು ಹಗಲಿನ ಶಾಖವನ್ನು ಒಳಗೇ ಬಿಡುತ್ತದೆ. ಕೂಸು, ಮುದುಕರು ನಿದ್ದೆಗೆಡುವುದು ಆಗಲೇ.

ನೀರಿನ ವಿಷಯದಲ್ಲಿ ಈ ನೆಲಕ್ಕೆ ಹಳೆಯ ಪಾಠವಿದೆ. ದೋರಸಮುದ್ರ ರಾಜಧಾನಿ ಬೆಳೆದದ್ದು ದೊಡ್ಡ ಕೆರೆಯೊಂದರ ದಂಡೆಯಲ್ಲಿ. 12ನೆಯ ಶತಮಾನದ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲೇ ಆ ನೀರಿನ ಹರವಿದೆ. ಹತ್ತಿರದ ಹುಲಿಕೆರೆಯಲ್ಲಿ ಮೆಟ್ಟಿಲುಗಳ ಕಲ್ಯಾಣಿ ಇದೆ. ಅರಸೀಕೆರೆಯೂ ಕೆರೆಯ ಸುತ್ತ ಬೆಳೆದ ಊರೇ. ಆ ಕಾಲದ ಸಾಮಾನ್ಯರ ಮಣ್ಣಿನ ಮನೆಗಳು ಉಳಿದಿಲ್ಲ. ಉಳಿದದ್ದು ಕಲ್ಲಿನ ಗುಡಿಗಳು ಮತ್ತು ನೀರಿನ ಕಟ್ಟಡಗಳು. ಕೆರೆ ಹೂಳು ತುಂಬಿ ಬತ್ತಿದಾಗ ಊರು ಎಷ್ಟು ಬಡವಾಗುತ್ತದೆ ಎಂಬುದು ಹಳೇಬೀಡಿನವರಿಗೆ ಗೊತ್ತು. ಯಗಚಿಯ ನೀರನ್ನು ರಣಘಟ್ಟದ ಒಡ್ಡಿನಿಂದ ತಮ್ಮ ಕೆರೆಗಳಿಗೆ ಹರಿಸಬೇಕೆಂದು ಆ ಭಾಗದ ರೈತರು ದೀರ್ಘಕಾಲ ಹೋರಾಡಿ ಯೋಜನೆಗೆ ಮಂಜೂರಾತಿ ಪಡೆದರು.

ಅರಸೀಕೆರೆ ತಾಲ್ಲೂಕಿನ ಕಷ್ಟ ಇನ್ನೂ ಆಳದ್ದು. ಕೊಳವೆಬಾವಿಗಳು ಕೆಳಕೆಳಗೆ ಇಳಿದಂತೆ ಹಲವು ಕಡೆ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ವರ್ಷಗಳು ಕಳೆದಂತೆ ಮೂಳೆ ಕೀಲುಗಳು ಬಿಗಿಯುತ್ತವೆ. ಮಳೆಯ ನೀರಿನಲ್ಲಿ ಈ ತೊಂದರೆ ಇಲ್ಲ. ಆದ್ದರಿಂದ ಇಲ್ಲಿ ಮಳೆನೀರಿನ ತೊಟ್ಟಿ ಪರಿಸರಪ್ರೇಮಿಗಳ ಶೋಕಿಯೆಂದು ತಳ್ಳಿಹಾಕುವಂಥದಲ್ಲ, ಅದು ಮನೆಮದ್ದಿನಷ್ಟೇ ಅಗತ್ಯ.

ಲೆಕ್ಕ ನೋಡಬಹುದು. ಸರ್ಕಾರಿ ಯೋಜನೆಯ ಮನೆಯ ಚಾವಣಿ 30 ಚದರ ಮೀಟರ್, ವರ್ಷದ ಮಳೆ 700 ಮಿ.ಮೀ. ಎಂದಿಟ್ಟುಕೊಳ್ಳೋಣ. ಚಾವಣಿಯ ಮೇಲೆ ಬೀಳುವುದು 21,000 ಲೀಟರ್. ಆವಿಯಾಗುವುದು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವುದು ಎಂದು ಐದರಲ್ಲಿ ಒಂದು ಪಾಲು ಕಳೆದರೆ ಉಳಿಯುವುದು 16,800 ಲೀಟರ್. ಐದು ಮಂದಿಯ ಮನೆಗೆ ಕುಡಿಯಲು, ಅಡುಗೆಗೆ ತಲಾ 10 ಲೀಟರಿನಂತೆ ದಿನಕ್ಕೆ 50 ಲೀಟರ್ ಸಾಕಾದರೆ ಇದು 336 ದಿನಕ್ಕೆ ಬರುತ್ತದೆ. ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗಿನ ಸುಮಾರು 150 ಒಣದಿನಗಳನ್ನು ದಾಟಿಸಲು 7,500 ಲೀಟರಿನ ತೊಟ್ಟಿ ಬೇಕು. ಅಷ್ಟು ದೊಡ್ಡ ತೊಟ್ಟಿಗೆ ಒಂದು ಬಡ ಮನೆಯಲ್ಲಿ ಜಾಗವೂ ಇರುವುದಿಲ್ಲ, ಹಣವೂ ಇರುವುದಿಲ್ಲ. ಎಂಟು ಹತ್ತು ಮನೆಗಳ ಚಾವಣಿಗಳನ್ನು ನಡುವಿನ ಬಯಲಿನ ಅಡಿಯ ಒಂದು ತೊಟ್ಟಿಗೆ ಕೂಡಿಸಿದರೆ ತಲಾ ಖರ್ಚು ಇಳಿಯುತ್ತದೆ. ಮನೆಗಳನ್ನು ಸಾಲಾಗಿ ಕಟ್ಟದೆ ಗುಂಪಾಗಿ ಕಟ್ಟಬೇಕು ಎನ್ನಲು ಇದೇ ಮೊದಲ ಕಾರಣ. ಸ್ನಾನ, ಬಟ್ಟೆ, ಪಾತ್ರೆಯ ನೀರಿಗೆ ಮಾತ್ರ ಪುರಸಭೆ, ನಗರಸಭೆಯ ಕೊಳಾಯಿ ಇರಲೇಬೇಕು. ಚಾವಣಿಯ ಮಳೆ ಅದನ್ನು ತುಂಬಿಕೊಡಲಾರದು.

ರೋಗದಿಂದ ಕಲಿತದ್ದು

ವಸತಿಗೂ ಆರೋಗ್ಯಕ್ಕೂ ಇರುವ ನಂಟನ್ನು ಹಳೆಯ ಮೈಸೂರು ಸಂಸ್ಥಾನ ಪ್ಲೇಗಿನಿಂದ ಕಲಿಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಗಾಳಿ ಬೆಳಕಿಲ್ಲದ ಪೇಟೆಯ ಮನೆಗಳೇ ಹೆಚ್ಚು ಬಲಿಯಾದವು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅಗಲ ರಸ್ತೆ, ಮನೆಯ ಹಿಂದೆ ಕೊಳೆ ಸಾಗಿಸುವ ಓಣಿ, ಅಲ್ಲಲ್ಲಿ ಉದ್ಯಾನಗಳೊಂದಿಗೆ ಬೆಳೆದದ್ದು ಆ ಹೊತ್ತಿನಲ್ಲೇ. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಮಧ್ಯಮ ವರ್ಗದವರು ಸಾಲ ಒಟ್ಟುಗೂಡಿಸಿ ಮನೆ ಕಟ್ಟಿಕೊಳ್ಳುವ ದಾರಿಯೂ ಆಗಲೇ ತೆರೆಯಿತು. 1909ರ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಹೆಸರಾಗಿದೆ. ಜರ್ಮನಿಯಿಂದ ಬಂದು 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾದ ಆಟೋ ಕ್ಯೋನಿಗ್ಸ್‌ಬರ್ಗರ್ 1940ರ ದಶಕದಲ್ಲಿ ಭದ್ರಾವತಿಯ ಹೊಸ ಊರಿನ ಯೋಜನೆ ಬರೆದರು. ಬಿಸಿಲು, ಗಾಳಿಯ ದಿಕ್ಕು ನೋಡಿ ಮನೆಯ ಮುಖ ತಿರುಗಿಸುವುದನ್ನು ಅವರು ಶಾಸ್ತ್ರವಾಗಿಯೇ ಬೆಳೆಸಿದರು. ಸ್ವಾತಂತ್ರ್ಯದ ಬಳಿಕ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರೂ ಆದರು.

ಅರಸೀಕೆರೆಗೂ ಇದರಲ್ಲಿ ಒಂದು ಪಾಲಿದೆ. ಗಾಂಧೀವಾದಿ ಯಶೋಧರಾ ದಾಸಪ್ಪನವರು ಅರಸೀಕೆರೆಯ ಕಸ್ತೂರಬಾ ಸ್ಮಾರಕ ಕೇಂದ್ರದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಸೇವಾ ತರಬೇತಿಯ ವ್ಯವಸ್ಥೆ ಮಾಡಿದ್ದರು. ಮನೆಬಾಗಿಲಿಗೆ ಬರುವ ತರಬೇತಾದ ಹೆಣ್ಣುಮಗಳು ಎಂಬ ಆ ಕಲ್ಪನೆ ಇಂದು ಆಶಾ ಕಾರ್ಯಕರ್ತೆಯ ರೂಪದಲ್ಲಿದೆ. ಹೊಸ ಬಡಾವಣೆಯ ನಕ್ಷೆಯಲ್ಲಿ ಅಂಗನವಾಡಿಗೆ ಜಾಗ ಇಡುವಾಗ ಪಕ್ಕದಲ್ಲೇ ಆಕೆ ಕೂತು ರಕ್ತದೊತ್ತಡ ನೋಡಲು ಒಂದು ಕೋಣೆ ಇಟ್ಟರೆ ಖರ್ಚು ಅಲ್ಪ, ಪ್ರಯೋಜನ ದೊಡ್ಡದು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ವಸತಿ ಮತ್ತು ಆರೋಗ್ಯದ ಮಾರ್ಗಸೂಚಿ ಕಿಕ್ಕಿರಿದ ವಾಸ, ಒಳಗಿನ ಚಳಿ ಸೆಕೆ, ಮನೆಯೊಳಗಿನ ಅಪಘಾತ, ಅಂಗವಿಕಲರಿಗೆ ಓಡಾಟದ ಅನುಕೂಲ ಇವುಗಳ ಮೇಲೆ ಒತ್ತು ಕೊಡುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಹೊಗೆಯನ್ನೂ ಸೇರಿಸಬೇಕು. ಅಡುಗೆಗೆ ಗ್ಯಾಸ್ ಬಂದ ಮೇಲೂ ಸ್ನಾನದ ನೀರು ಕಾಯುವುದು ಬಚ್ಚಲ ಹಂಡೆಯಲ್ಲಿ. ಅದಕ್ಕೆ ತೆಂಗಿನ ಗರಿ, ಮಟ್ಟೆ, ಕರಟವೇ ಉರುವಲು. ಬಿಟ್ಟಿ ಸಿಗುವ ಉರುವಲನ್ನು ಯಾರೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ರೂಪಿಸಿದ ಹೊಗೆಕೊಳವೆಯ ಒಲೆ ಕಡಿಮೆ ಉರುವಲಿನಲ್ಲಿ ಕೆಲಸ ಮುಗಿಸಿ ಹೊಗೆಯನ್ನು ಚಾವಣಿಯಾಚೆ ಕಳಿಸುತ್ತದೆ. ಬಚ್ಚಲನ್ನು ಮಲಗುವ ಕೋಣೆಗೆ ಅಂಟಿಸದೆ ಗಾಳಿ ಬೀಸುವ ದಿಕ್ಕಿಗೆ ಕೆಳಗಿಟ್ಟು ಕೊಳವೆ ಹಾಕಿದರೆ ಹೆಂಗಸರ ಮಕ್ಕಳ ಕೆಮ್ಮಿಗೆ ಅದೇ ಮದ್ದು.

ಯೋಜನೆಗಳು

ದೇವರಾಜ ಅರಸು ಅವರ ಕಾಲದ ಜನತಾ ಮನೆಗಳಿಂದ 1990ರ ದಶಕದ ಆಶ್ರಯ ಯೋಜನೆಯವರೆಗೆ, 1962ರ ಕಾಯ್ದೆಯಡಿ ಬಂದ ಕರ್ನಾಟಕ ಗೃಹ ಮಂಡಳಿಯಿಂದ 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದವರೆಗೆ, ರಾಜ್ಯ ಬಡವರ ಮನೆಗೆ ಹಣ ಇಡುತ್ತಲೇ ಬಂದಿದೆ. 1973ರ ಕಾಯ್ದೆ ಕೊಳೆಗೇರಿಗಳ ಸುಧಾರಣೆಯನ್ನು ಸರ್ಕಾರದ ಹೊಣೆಯಾಗಿಸಿತು. 2015ರ ಜೂನಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ 30 ಚದರ ಮೀಟರ್ ಒಳವಿಸ್ತೀರ್ಣದ ಮನೆಯನ್ನು ಅಳತೆಗೋಲಾಗಿಸಿ, ಸ್ವಂತ ನಿವೇಶನದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ 1.5 ಲಕ್ಷ ರೂಪಾಯಿ ಕೊಟ್ಟಿತು. ಮನೆ ಹೆಂಗಸಿನ ಹೆಸರಿನಲ್ಲಿ ಅಥವಾ ಜಂಟಿಯಾಗಿ ಇರಬೇಕೆಂಬ ಅದರ ನಿಯಮ ಸದ್ದಿಲ್ಲದೆ ದೊಡ್ಡ ಕೆಲಸ ಮಾಡಿದೆ.

ಕೊರತೆ ಇರುವುದು ಜಾಗದಲ್ಲಿ. ಊರೊಳಗಿನ ನೆಲ ದುಬಾರಿಯೆಂದು ಬಡವರ ಬಡಾವಣೆಯನ್ನು ಊರಾಚೆಯ ಗೋಮಾಳದ ಅಂಚಿಗೆ ಒಯ್ಯುವುದು ರೂಢಿ. ಅಲ್ಲಿಂದ ಬೆಳಗಿನ ಜಾವ ಮಂಡಿಗೆ, ರಾತ್ರಿ ರೈಲಿಗೆ, ಹೆರಿಗೆಗೆ ಆಸ್ಪತ್ರೆಗೆ ಬರಲು ಆಟೋ ಬಾಡಿಗೆ ತೆರಬೇಕು. ನಿವೇಶನದಲ್ಲಿ ಉಳಿದ ಹಣ ಓಡಾಟದಲ್ಲಿ ಹೋಗುತ್ತದೆ. ಕನ್ನಡಿಗರೂ ಹೆಚ್ಚಾಗಿರುವ ಗಡಿನಗರ ಸೊಲ್ಲಾಪುರದ ಅನುಭವ ಇಲ್ಲಿ ನೆನೆಯತಕ್ಕದ್ದು. ಬೀಡಿ ಕಟ್ಟುವ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡು ಹೋರಾಡಿ ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ 10,000 ಮನೆಗಳ ಕಾಲೊನಿಯನ್ನು 2006ರಲ್ಲಿ ಪಡೆದರು. ಅವರ ಸಂಘಟನೆಗೆ ತಲೆಬಾಗಬೇಕು. ಬೀಡಿ ಮನೆಯಲ್ಲೇ ಕಟ್ಟುವ ಕಸುಬಾದ್ದರಿಂದ ಊರಾಚೆಯ ಜಾಗ ಅವರಿಗೆ ಅಷ್ಟಾಗಿ ಅಡ್ಡಿಯಾಗಲಿಲ್ಲ. ಮಂಡಿಯ ಹಮಾಲಿಗೆ ಅದೇ ದೂರ ಕೂಲಿಯನ್ನೇ ಕಸಿಯುತ್ತದೆ. ಅರಸೀಕೆರೆಯಲ್ಲಿ ನಿಲ್ದಾಣಕ್ಕೂ ಮಂಡಿಗೂ ನಡೆದು ಹೋಗುವಷ್ಟು ದೂರದಲ್ಲಿ ಎರಡು ಎಕರೆ ಸಿಕ್ಕಿದರೂ ಹೊರವಲಯದ ಇಪ್ಪತ್ತು ಎಕರೆಗಿಂತ ಅದನ್ನೇ ಆರಿಸಬೇಕು.

ನಿವೇಶನ, ಗುಂಪು, ಬೆಳೆಯುವ ಮನೆ

ಒಂದು ಎಕರೆಯೆಂದರೆ 43,560 ಚದರಡಿ. ರಸ್ತೆ, ಬಯಲು, ಅಂಗನವಾಡಿ, ಕೊಳೆನೀರಿನ ಶುದ್ಧೀಕರಣಕ್ಕೆ ಶೇ. 45 ಬಿಟ್ಟರೆ 20×30 ಅಡಿಯ ಸುಮಾರು 40 ನಿವೇಶನ ಸಿಗುತ್ತದೆ. ಒಂದು ಮಾಳಿಗೆ ಏರಿಸಿದರೆ 80 ಸಂಸಾರ. ನಾಲ್ಕು ಮಹಡಿ, ಲಿಫ್ಟು ಬೇಡ. ಈ ಊರುಗಳಲ್ಲಿ ಲಿಫ್ಟಿನ ದುರಸ್ತಿಗೆ ತಿಂಗಳುಗಟ್ಟಲೆ ಕಾದು, ಮಂಡಿ ನೋವಿನ ಅಜ್ಜಿಯರು ಮೇಲೆಯೇ ಬಂದಿಯಾಗುವುದು ಬೇಡವೇ ಬೇಡ. ಹತ್ತು ಮನೆಗೊಂದು ಗುಂಪು, ನಡುವೆ ಬಯಲು, ಅದರ ಕೆಳಗೆ ಮಳೆನೀರಿನ ತೊಟ್ಟಿ. ಬಯಲಿನ ಕಡೆಗೆ ಪ್ರತಿ ಮನೆಗೂ ಜಗಲಿ. ತೊಟ್ಟಿಮನೆಯಲ್ಲಿ ಒಂದು ಕೂಡುಕುಟುಂಬಕ್ಕೆ ಸಿಗುತ್ತಿದ್ದ ಬೆಳಕು, ಗಾಳಿ, ಮಕ್ಕಳ ಮೇಲಿನ ಕಣ್ಣು ಇಲ್ಲಿ ಹತ್ತು ಸಂಸಾರಕ್ಕೆ ಸಿಗುತ್ತದೆ. ವಾಹನ ಹೊರಗಿನ ರಸ್ತೆಯಲ್ಲೇ ನಿಲ್ಲಲಿ, ಒಳಗೆ ನಡೆದಾಡುವ ಓಣಿ ಮಾತ್ರ ಸಾಕು. ಆಂಬುಲೆನ್ಸಿಗೆ, ಅಗ್ನಿಶಾಮಕ ವಾಹನಕ್ಕೆ ಒಂದು ದಾರಿ ಸದಾ ತೆರವಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಚಿಕ್ಕ ಊರುಗಳಲ್ಲೂ ಮನೆಮಾಡಿರುವಾಗ ದಿನನಿತ್ಯದ ನಡಿಗೆಗೆ ನೆರಳಿನ ಹಾದಿ ಬೇಕು. ಹೊಂಗೆ, ಬೇವು, ನೇರಳೆ ಬೇಗ ನೆರಳು ಕೊಡುವ, ಕಡಿಮೆ ನೀರಿನ ಮರಗಳು.

ಮನೆಯನ್ನು ಒಂದೇ ಸಲ ಪೂರ್ತಿ ಕಟ್ಟಿಕೊಡುವ ಬದಲು ಬಡವರಿಗೆ ಕಷ್ಟವಾದ ಭಾಗವನ್ನು ಸರ್ಕಾರ ಕಟ್ಟಿ, ಉಳಿದದ್ದನ್ನು ಅವರಿಗೆ ಬಿಡುವ ಪದ್ಧತಿ ಹಲವೆಡೆ ಗೆದ್ದಿದೆ. ಬಿ.ವಿ. ದೋಶಿ 1980ರ ದಶಕದಲ್ಲಿ ಇಂದೋರಿನಲ್ಲಿ ರೂಪಿಸಿದ ಅರಣ್ಯ ಬಡಾವಣೆಯಲ್ಲಿ ಸುಮಾರು 85 ಹೆಕ್ಟೇರಿನಲ್ಲಿ 6,500 ನಿವೇಶನಗಳಿದ್ದವು. ಅತಿ ಬಡವರಿಗೆ ತಳಪಾಯ, ಶೌಚಾಲಯ, ನೀರಿನ ಕೊಳಾಯಿ ಸಿಕ್ಕವು; ಕೋಣೆಗಳನ್ನು ಅವರು ಕೈಯಲ್ಲಿ ಕಾಸಾದಾಗ ಏರಿಸಿಕೊಂಡರು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ಚಿಲಿ ದೇಶದ ಇಕೀಕೆಯಲ್ಲಿ ಅಲೆಹಾಂದ್ರೊ ಅರಾವೆನಾ ತಂಡ 2004ರ ಹೊತ್ತಿಗೆ 93 ಕುಟುಂಬಗಳಿಗೆ ಅರ್ಧ ಮನೆ ಕಟ್ಟಿ ಇನ್ನರ್ಧಕ್ಕೆ ಜಾಗ ಬಿಟ್ಟುಕೊಟ್ಟಿತು. ನಮ್ಮ ಊರುಗಳಲ್ಲಿ ಜನ ಹೇಗೂ ಹೀಗೆಯೇ ಕಟ್ಟುತ್ತಾರೆ. ಮಗನ ಮದುವೆಗೆ ಒಂದು ಕೋಣೆ, ಕೊಬ್ಬರಿಗೆ ಒಳ್ಳೆ ಬೆಲೆ ಬಂದ ವರ್ಷ ಮಾಳಿಗೆ. ಮಾಳಿಗೆಯ ಭಾರ ಹೊರುವ ತಳಪಾಯ, ಮೆಟ್ಟಿಲು ಎಲ್ಲಿ ಬರುತ್ತದೆಂಬ ಗುರುತು, ಬಚ್ಚಲು ಶೌಚಾಲಯದ ಕೊಳವೆಗಳು ಮೊದಲೇ ಸರಿಯಾಗಿದ್ದರೆ ಆಮೇಲೆ ಒಡೆದು ಕಟ್ಟುವ ದಂಡ ತಪ್ಪುತ್ತದೆ.

ಅಟ್ಟದ ವಿಷಯ ಬೇರೆಯಾಗಿಯೇ ಹೇಳಬೇಕು. ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಬಿಸಿಲಿಗೆ ಒಣಗಿಸಿದ್ದಲ್ಲ. ಬಲಿತ ಕಾಯನ್ನು ಅಟ್ಟದ ಮೇಲೆ ಹರಡಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಸದ್ದಾಗುವ ಗಿಟುಕಾದಾಗ ಸಿಪ್ಪೆ ಸುಲಿದು ಒಡೆಯುತ್ತಾರೆ. ತೋಟವಿಲ್ಲದ ಮನೆಯ ಹೆಂಗಸರೂ ಸುಲಿಯುವ ಒಡೆಯುವ ಕೂಲಿಗೆ ಹೋಗುತ್ತಾರೆ, ಎಷ್ಟೋ ಮಂದಿ ಕಾಯಿ ತಂದು ಇಟ್ಟುಕೊಂಡು ಕೊಬ್ಬರಿ ಮಾಡಿ ಮಾರುತ್ತಾರೆ. ತೆಳು ಚಾವಣಿಯ 30 ಚದರ ಮೀಟರ್ ಮನೆಯಲ್ಲಿ ಅಟ್ಟಕ್ಕೆ ಎತ್ತರವೇ ಇಲ್ಲ. ಗೋಡೆ ಮೂರಡಿ ಏರಿಸಿ ಹೆಂಚಿನ ಮಾಡಿನ ಅಡಿ ಗಾಳಿಯಾಡುವ ಅಟ್ಟ ಬಿಟ್ಟರೆ ಆ ಸಂಸಾರಕ್ಕೆ ಗೋದಾಮೂ ಸಿಕ್ಕಿತು, ಬಿಸಿಲಿಗೆ ಅಡ್ಡವಾದ ಒಂದು ಪದರವೂ ಸಿಕ್ಕಿತು. ವರಮಾನ ತರುವ ಈ ಜಾಗವನ್ನು ಅಂದಾಜುಪಟ್ಟಿಯಿಂದ ಹೊಡೆದುಹಾಕಿ ವಿಟ್ರಿಫೈಡ್ ಟೈಲ್ಸಿಗೆ ಹಣ ಇಡುವುದು ತಪ್ಪು ಲೆಕ್ಕ.

ಸಾಮಗ್ರಿ

1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಕೇಂದ್ರ ಆರಂಭಿಸಿದರು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಬೆಳೆಸಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆ ಈ ಸೀಮೆಯ ಮರಳುಮಿಶ್ರಿತ ಕೆಂಪು ಮಣ್ಣಿಗೆ ಹೇಳಿಮಾಡಿಸಿದ್ದು. ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ನೆರಳಿನಲ್ಲಿ ಮೂರು ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಗೂಡಿನಲ್ಲಿ ಸುಡುವ ಸೌದೆಯೂ ಉಳಿಯಿತು, ಸಾಗಣೆಯೂ ಉಳಿಯಿತು. ಎರೆಮಣ್ಣು ಮಾತ್ರ ಇದಕ್ಕೆ ಆಗದು. ಅಡಿಪಾಯಕ್ಕೆ ಸ್ಥಳೀಯ ಸೈಜುಗಲ್ಲು ಇದ್ದೇ ಇದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದ, ಗೋಡೆಯ ನಡುವೆ ಟೊಳ್ಳು ಬಿಡುವ ಇಲಿಬೋನು ಕಟ್ಟಣೆ ಇಟ್ಟಿಗೆಯಲ್ಲಿ ನಾಲ್ಕನೆಯ ಒಂದು ಪಾಲು ಉಳಿಸುತ್ತದೆ, ಗೋಡೆಯೊಳಗಿನ ಗಾಳಿ ಶಾಖವನ್ನು ತಡೆಯುತ್ತದೆ. ಕಾಂಕ್ರೀಟ್ ಚಾವಣಿಯ ಕೆಳಭಾಗದಲ್ಲಿ ಮಂಗಳೂರು ಹೆಂಚನ್ನು ಹುದುಗಿಸಿದರೆ ಕಾಂಕ್ರೀಟೂ ಭಾರವೂ ಕಡಿಮೆ. ಹಳೆಯ ತೆಂಗಿನ ಮರದ ಹೊರಪದರ ಗಟ್ಟಿ, ಸರಿಯಾಗಿ ಸಂಸ್ಕರಿಸಿದರೆ ಮಾಡಿನ ತೀರು, ರೀಪಿಗೆ ಒದಗುತ್ತದೆ. ಹಾಸನದಲ್ಲೂ ಇರುವ ನಿರ್ಮಿತಿ ಕೇಂದ್ರದಂಥ ಸಂಸ್ಥೆಗಳು ಹುಟ್ಟಿದ್ದು ಇಂಥ ಕೆಲಸವನ್ನು ಗಾರೆಯವರಿಗೆ ಕಲಿಸಲೆಂದೇ. ಅವು ಶಾಲಾ ಕಾಂಪೌಂಡು ಕಟ್ಟುವ ಗುತ್ತಿಗೆಗಷ್ಟೇ ನಿಂತುಬಿಡಬಾರದು.

ಪಾರಂಪರಿಕ ವಲಯ

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವೆಂಬುದು 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ. ಬೇಲೂರಿನ ಚೆನ್ನಕೇಶವ ದೇವಾಲಯ ಊರ ನಡುವೆಯೇ ಇರುವುದರಿಂದ ಹಳೆಯ ಬೀದಿಗಳ ಅನೇಕ ಮನೆಗಳು ಈ ವಲಯದಲ್ಲಿವೆ. ಸೂರು ಸೋರಿದರೂ ಅನುಮತಿಗೆ ಅರ್ಜಿ ಹಾಕಬೇಕಾದಾಗ ಬಡವರು ಬೇಸತ್ತು ಮನೆ ಬಿಡುತ್ತಾರೆ, ಜಾಗ ಅಂಗಡಿಯಾಗುತ್ತದೆ. ಹೆಂಚಿನ ಮಾಡು, ಜಗಲಿ, ಒಂದು ಮಾಳಿಗೆಯ ಎತ್ತರ ಮೀರದ ಒಪ್ಪಿತ ನಕ್ಷೆಗಳನ್ನು ಮೊದಲೇ ತಯಾರಿಸಿ, ಅದರಂತೆ ದುರಸ್ತಿ ಮಾಡುವವರಿಗೆ ಬೇಗ ಅನುಮತಿಯನ್ನೂ ಸಹಾಯಧನವನ್ನೂ ಕೊಟ್ಟರೆ ಸ್ಮಾರಕದ ಸುತ್ತಲ ಊರೂ ಉಳಿಯುತ್ತದೆ. ಗುಡಿಯನ್ನು ಕಾಪಾಡಲು ಅದರ ನೆರೆಯವರನ್ನು ಎಬ್ಬಿಸಬೇಕಾಗಿಲ್ಲ.

ಕೊಳೆನೀರು, ನಿರ್ವಹಣೆ, ಬಾಡಿಗೆ

ಚಿಕ್ಕ ಊರುಗಳಲ್ಲಿ ಬಹಳಷ್ಟು ಮನೆಗಳು ಗುಂಡಿ ಶೌಚಾಲಯವನ್ನೇ ನೆಚ್ಚಿವೆ. ಒತ್ತೊತ್ತಾಗಿ ಮನೆ ಬಂದಾಗ ಗುಂಡಿಯ ಸೋರಿಕೆ ಬಾವಿಗೆ ಸೇರುತ್ತದೆ. ಗುಂಪಿಗೊಂದು ಮುಚ್ಚಿದ ಟ್ಯಾಂಕು, ಅದರಾಚೆ ಜಲ್ಲಿಯ ಹಾಸಿನಲ್ಲಿ ಜೊಂಡು ಬೆಳೆಸಿ ನೀರು ಸೋಸುವ ಪದ್ಧತಿಗೆ ವಿದ್ಯುತ್ ಬೇಡ. ಆ ನೀರು ಬಾಳೆಗೆ, ತೆಂಗಿಗೆ ಒದಗುತ್ತದೆ. ತಳದ ಮಲಕೆಸರನ್ನು ಹೊಲಕ್ಕೋ ಹಳ್ಳಕ್ಕೋ ಸುರಿಯದೆ ಸಂಸ್ಕರಿಸಲು 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಘಟಕ ದೇಶದಲ್ಲೇ ಮೊದಲ ಪಟ್ಟಣಮಟ್ಟದ ಮಾದರಿಯಾಯಿತು. ಬೇಲೂರಿನಷ್ಟು ಊರಿಗೆ ಆ ಗಾತ್ರವೇ ಸರಿ.

ಇಂಥ ಬಡಾವಣೆ ಕೆಡುವುದು ಕಟ್ಟುವಾಗ ಅಲ್ಲ, ಕಟ್ಟಿದ ಐದನೆಯ ವರ್ಷದಲ್ಲಿ. ತೊಟ್ಟಿ ತೊಳೆಯುವವರಿಲ್ಲ, ಬೀದಿದೀಪದ ಬಿಲ್ಲು ಯಾರದೆಂಬ ಜಗಳ. ಹತ್ತು ಮನೆಯ ಗುಂಪಿಗೆ ಒಂದು ಸ್ತ್ರೀಶಕ್ತಿ ಗುಂಪಿನಂಥ ಉಳಿತಾಯ ಗುಂಪು, ಎಲ್ಲ ಗುಂಪುಗಳಿಗೆ ಸೇರಿ ಒಂದು ನೋಂದಾಯಿತ ಸಂಘ ಇರಲಿ. ಮುಂಗಾರಿಗೆ ಮುಂಚೆ ಚಾವಣಿ, ದೋಣಿ, ತೊಟ್ಟಿಯ ಶುಚಿ ಅದರ ಮೊದಲ ಕೆಲಸ. ಸಂಘಕ್ಕೆ ಸ್ವಂತ ವರಮಾನವೂ ಬೇಕು. ಸಮುದಾಯ ಭವನವನ್ನು ಮದುವೆಗೆ ಬಾಡಿಗೆ ಕೊಡುವುದು, ಬೀದಿಗೆ ಮುಖಮಾಡಿದ ನಾಲ್ಕು ಅಂಗಡಿ ಮಳಿಗೆಗಳನ್ನು ಸಂಘದ ಹೆಸರಿನಲ್ಲೇ ಉಳಿಸಿಕೊಳ್ಳುವುದು ಸರಳ ದಾರಿಗಳು.

ಬಾಡಿಗೆದಾರರನ್ನು ನಮ್ಮ ವಸತಿ ಯೋಜನೆಗಳು ಹೆಚ್ಚುಕಡಿಮೆ ಮರೆತಿವೆ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸು, ಶಿಕ್ಷಕಿ, ರೈಲ್ವೆ ನೌಕರ, ಉತ್ತರ ಕರ್ನಾಟಕದಿಂದ ಕಾಫಿ ಕೊಯ್ಲಿಗೆ ಬರುವ ಕುಟುಂಬ ಇವರಿಗೆ ಬೇಕಾದದ್ದು ಹಕ್ಕುಪತ್ರ ಅಲ್ಲ, ಬೀಗ ಹಾಕುವ ಒಂದು ಕೋಣೆ, ನೀರು, ಶೌಚಾಲಯ. ಬೆಳೆಯುವ ಮನೆಯ ಮಾಳಿಗೆ ಕೋಣೆಗೆ ಹೊರಗಿನಿಂದಲೇ ಮೆಟ್ಟಿಲು ಇಟ್ಟು, ಅದಕ್ಕೆ ಬೇರೆ ವಿದ್ಯುತ್ ಮೀಟರಿಗೆ ಅವಕಾಶ ಕೊಟ್ಟರೆ ಮನೆಯೊಡತಿಗೆ ತಿಂಗಳ ಬಾಡಿಗೆ, ಬಂದವರಿಗೆ ಊರೊಳಗೇ ನೆಲೆ. ಯೋಜನೆಯ ಮನೆಯನ್ನು ಬಾಡಿಗೆಗೆ ಕೊಡುವುದನ್ನು ದುರುಪಯೋಗವೆಂದು ಕಾಣುವ ಇಲಾಖೆಗಳು ಮನೆಯೊಡತಿ ಅಲ್ಲಿಯೇ ವಾಸವಿರುವಾಗ ಮೇಲಿನ ಕೋಣೆಯ ಬಾಡಿಗೆಗೆ ಒಪ್ಪಿಗೆ ಕೊಡಬೇಕು, ಆ ಒಪ್ಪಿಗೆಯನ್ನು ಮಂಜೂರಾತಿ ಆದೇಶದಲ್ಲೇ ಬರೆದುಕೊಡಬೇಕು.